ಹನ್ನೊಂದು ಹಾಡು, ಒಂದೇ ಕಂಠ: ಫ್ರೆಡ್ಡಿ ಮರ್ಕ್ಯುರಿ ಅವರ ‘ಮಿಸ್ಟರ್ ಬ್ಯಾಡ್ ಗೈ’ ಏಕೆ ಚದುರಿದಂತೆ ಕೇಳಿಸುತ್ತದೆ?

ಪ್ರಶ್ನೆ: ನಾನು ಹಲವು ವರ್ಷಗಳಿಂದ ಬ್ರಿಟನ್ನಿನ ಕ್ವೀನ್ ರಾಕ್ ತಂಡದ ಹಾಡುಗಳನ್ನು ಕೇಳುತ್ತಾ ಬಂದವನು. ಆ ತಂಡದ ಮುಖ್ಯ ಗಾಯಕ ಫ್ರೆಡ್ಡಿ ಮರ್ಕ್ಯುರಿ 1985ರಲ್ಲಿ ತಮ್ಮೊಬ್ಬರದೇ ಹೆಸರಿನಲ್ಲಿ ಹೊರತಂದ ‘ಮಿಸ್ಟರ್ ಬ್ಯಾಡ್ ಗೈ’ ಆಲ್ಬಮ್ಮನ್ನು ಇತ್ತೀಚೆಗೆ ಮೊದಲ ಬಾರಿಗೆ ಪೂರ್ತಿಯಾಗಿ ಕೇಳಿದೆ. ಒಂದು ಹಾಡು ಡಿಸ್ಕೊ, ಇನ್ನೊಂದು ನಿಧಾನಗತಿಯ ಪಿಯಾನೋ ಗೀತೆ, ಮತ್ತೊಂದರಲ್ಲಿ ದೊಡ್ಡ ವಾದ್ಯವೃಂದ, ಮಗದೊಂದು ಜಮೈಕಾದ ರೆಗ್ಗೆ ಶೈಲಿಯಲ್ಲಿ ಆರಂಭವಾಗಿ ರಾಕ್ ಆಗಿಬಿಡುತ್ತದೆ. ಬಿಡಿಯಾಗಿ ಹಾಡುಗಳು ಹಿಡಿಸಿದವು, ಇಡಿಯಾಗಿ ಆಲ್ಬಮ್ ಕೂಡಿಬರಲಿಲ್ಲ ಎನಿಸಿತು. ಶೈಲಿಗಳನ್ನು ಇಷ್ಟೊಂದು ಬೆರೆಸಿದ್ದೇ ಇದರ ದೋಷವೇ, ಅಥವಾ ನಾನು ಕೇಳಿದ ರೀತಿಯಲ್ಲೇ ಕೊರತೆಯಿದೆಯೇ?

ಉತ್ತರ: ನಿಮ್ಮ ಕಿವಿ ಗುರುತಿಸಿದ್ದು ಸರಿಯಾಗಿಯೇ ಇದೆ, ಅದಕ್ಕೆ ನೀವು ಊಹಿಸಿರುವ ಕಾರಣವನ್ನು ಮಾತ್ರ ನಾನು ಒಪ್ಪಲಾರೆ. ‘ಮಿಸ್ಟರ್ ಬ್ಯಾಡ್ ಗೈ’ ಬಿಡಿಬಿಡಿಯಾಗಿ ಕೇಳಿಸುವುದು ನಿಜ. ಆದರೆ ಶೈಲಿಗಳ ಬೆರಕೆಯೇ ಅದಕ್ಕೆ ಕಾರಣವಾಗಿದ್ದರೆ, ನೀವು ವರ್ಷಗಳಿಂದ ಮೆಚ್ಚಿ ಕೇಳುತ್ತಿರುವ ಕ್ವೀನ್ ಆಲ್ಬಮ್ಮುಗಳು ಇದಕ್ಕಿಂತ ಹೆಚ್ಚು ಚದುರಿದಂತೆ ಕೇಳಿಸಬೇಕಿತ್ತು.

1975ರ ‘ಎ ನೈಟ್ ಅಟ್ ದಿ ಆಪೆರಾ’ವನ್ನೇ ನೆನಪಿಸಿಕೊಳ್ಳಿ. ಅದರಲ್ಲಿ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಜಾನಪದ ಧಾಟಿಯ ಒಂದು ಹಾಡನ್ನೂ, ಹಳೆಯ ಜಾಝ್ ತಂಡವೊಂದರ ತುತ್ತೂರಿ ಮತ್ತು ಕೊಳವೆ ವಾದ್ಯಗಳನ್ನೆಲ್ಲ ಗಿಟಾರಿನಲ್ಲೇ ಅನುಕರಿಸಿ ನುಡಿಸಿದ ಇನ್ನೊಂದು ಹಾಡನ್ನೂ ಬರೆದಿದ್ದಾರೆ. ಡ್ರಮ್ಸ್ ನುಡಿಸುವ ರೋಜರ್ ಟೇಲರ್ ಕಾರಿನ ಮೇಲಿನ ಮೋಹವನ್ನು ಬಿರುಸಾದ ರಾಕ್‌ನಲ್ಲಿ ಹಾಡಿದ್ದಾರೆ. ಬಾಸ್ ಗಿಟಾರಿನ ಜಾನ್ ಡೀಕನ್ ವಿದ್ಯುತ್ ಪಿಯಾನೋದ ಮೇಲೆ ಸರಳವಾದ ಪಾಪ್ ಗೀತೆಯೊಂದನ್ನು ಕಟ್ಟಿದ್ದಾರೆ. ಮರ್ಕ್ಯುರಿ ಅವರಂತೂ ಇಂಗ್ಲೆಂಡಿನ ಹಳೆಯ ವಿನೋದ ರಂಗಶಾಲೆಗಳ ಹಾಡಿನ ಛಾಯೆಯಿಂದ ಹಿಡಿದು ‘ಬೊಹೀಮಿಯನ್ ರಾಪ್ಸಡಿ’ಯ ಅಣಕು ಆಪೆರಾದವರೆಗೆ ಓಡಾಡಿದ್ದಾರೆ. ಆಲ್ಬಮ್ ಮುಗಿಯುವುದು ಬ್ರಿಟನ್ನಿನ ರಾಷ್ಟ್ರಗೀತೆಯಿಂದ. ಇಷ್ಟೆಲ್ಲ ಒಂದೇ ತಟ್ಟೆಯಲ್ಲಿ ತುಂಬಿದ್ದರೂ ಯಾರೂ ಅದನ್ನು ಚದುರಿದ ಕೃತಿ ಎಂದು ದೂರುವುದಿಲ್ಲ.

ಹಾಗಾಗಿ ನಾವು ಕೇಳಿಕೊಳ್ಳಬೇಕಾದದ್ದು ಶೈಲಿಗಳು ಎಷ್ಟು ಬೆರೆತಿವೆ ಎಂದಲ್ಲ, ಬೆರೆತದ್ದನ್ನು ಹಿಡಿದಿಟ್ಟದ್ದು ಯಾವುದು ಎಂದು. ನಮ್ಮ ಸಂಗೀತ ಬಲ್ಲವರಿಗೆ ಈ ಮಾತು ಹೊಸದಲ್ಲ. ರಾಗಮಾಲಿಕೆಯಲ್ಲಿ ಚರಣ ಚರಣಕ್ಕೂ ರಾಗ ಬದಲಾಗುತ್ತದೆ, ಆದರೂ ಕೃತಿ ಒಡೆಯುವುದಿಲ್ಲ. ಏಕೆಂದರೆ ತಾಳ ಒಂದೇ, ಸಾಹಿತ್ಯದ ಎಳೆ ಒಂದೇ, ಒಂದು ರಾಗದಿಂದ ಇನ್ನೊಂದಕ್ಕೆ ದಾಟಿಸುವ ಚಿಟ್ಟೆಸ್ವರಗಳಿರುತ್ತವೆ. ಕ್ವೀನ್ ತಂಡದಲ್ಲಿ ಆ ಕೆಲಸವನ್ನು ಎರಡು ಸಂಗತಿಗಳು ಮಾಡುತ್ತಿದ್ದವು. ಒಂದು, ಮೇ ಅವರು ಹುಡುಗನಾಗಿದ್ದಾಗ ತಂದೆಯೊಡನೆ ಮನೆಯಲ್ಲೇ ತಯಾರಿಸಿಕೊಂಡ ಗಿಟಾರಿನ ನಾದ. ಪದರದ ಮೇಲೆ ಪದರ ಧ್ವನಿಮುದ್ರಿಸಿ ಆ ಗಿಟಾರನ್ನು ಅವರು ಇಡೀ ವಾದ್ಯವೃಂದದಂತೆ ಬಳಸುತ್ತಿದ್ದರು. ಇನ್ನೊಂದು, ಮರ್ಕ್ಯುರಿ, ಮೇ ಮತ್ತು ಟೇಲರ್ ಈ ಮೂವರ ಕಂಠಗಳು ಸೇರಿ ಕಟ್ಟುತ್ತಿದ್ದ ಮೇಳಗಾಯನ. ಟೇಲರ್ ಅವರ ತಾರಸ್ಥಾಯಿ, ಮೇ ಅವರ ತೆಳುವಾದ ಮಂದ್ರ, ನಡುವೆ ಮರ್ಕ್ಯುರಿ ಅವರ ತುಂಬು ಶಾರೀರ: ಇವು ಎಷ್ಟೇ ಪರಕೀಯ ಶೈಲಿಯ ಹಾಡಿನಲ್ಲಿ ಕಾಣಿಸಿಕೊಂಡರೂ ಎರಡೇ ಕ್ಷಣದಲ್ಲಿ ಇದು ಕ್ವೀನ್ ಎಂದು ಹೇಳಿಬಿಡಬಹುದು.

ಮೂರನೆಯ ಸಂಗತಿಯೊಂದಿದೆ, ಅದು ಕಿವಿಗೆ ನೇರವಾಗಿ ಕೇಳಿಸುವಂಥದ್ದಲ್ಲ. ಆ ತಂಡದಲ್ಲಿ ನಾಲ್ವರೂ ಹಾಡು ಬರೆಯುವವರು, ನಾಲ್ವರಿಗೂ ಸ್ವಂತ ಅಭಿರುಚಿ, ನಾಲ್ವರಿಗೂ ಬೇಡ ಎನ್ನುವ ಹಕ್ಕು. ಒಬ್ಬರು ತಂದ ಹಾಡು ಉಳಿದ ಮೂವರ ತಕರಾರನ್ನು ದಾಟಿ ಬರಬೇಕಾಗಿತ್ತು. ಈ ತಕರಾರು ಎಷ್ಟು ಬಿಸಿಯೇರಬಲ್ಲುದು ಎಂಬುದು 1982ರ ‘ಹಾಟ್ ಸ್ಪೇಸ್’ ಆಲ್ಬಮ್ಮಿನ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು. ಅಲ್ಲಿ ಮರ್ಕ್ಯುರಿ ಮತ್ತು ಡೀಕನ್ ತಂಡವನ್ನು ಫಂಕ್ ಮತ್ತು ಡಿಸ್ಕೊ ಎಂಬ ಕುಣಿತದ ಶೈಲಿಗಳ ಕಡೆಗೆ ಎಳೆದರು, ಮೇ ಮತ್ತು ಟೇಲರ್ ಅವರಿಗೆ ಅದು ರುಚಿಸಲಿಲ್ಲ, ರಾಕ್ ಕೇಳುಗರಲ್ಲಿಯೂ ಅನೇಕರು ಮುಖ ತಿರುಗಿಸಿದರು. 1984ರ ‘ದಿ ವರ್ಕ್ಸ್’ ಹೊತ್ತಿಗೆ ತಂಡ ಮತ್ತೆ ಗಿಟಾರಿನತ್ತ ಹೊರಳಿತು.

ಮರ್ಕ್ಯುರಿ ಮಾತ್ರ ಪೂರ್ತಿಯಾಗಿ ಹೊರಳಲಿಲ್ಲ, ಮತ್ತು ‘ಮಿಸ್ಟರ್ ಬ್ಯಾಡ್ ಗೈ’ ಹುಟ್ಟಿದ್ದು ಅಲ್ಲಿಂದಲೇ. ತಂಡದ ಕೆಲಸಗಳ ನಡುವಿನ ಬಿಡುವಿನಲ್ಲಿ, 1983ರಿಂದ 1985ರ ಆರಂಭದವರೆಗೆ, ಜರ್ಮನಿಯ ಮ್ಯೂನಿಕ್ ನಗರದ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೊದಲ್ಲಿ ಈ ಹಾಡುಗಳು ಧ್ವನಿಮುದ್ರಣಗೊಂಡವು. ಬಹುಮಹಡಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿದ್ದ ಆ ಸ್ಟುಡಿಯೊವನ್ನು ಸ್ಥಾಪಿಸಿದವರು ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ) ಆಧಾರಿತ ಡಿಸ್ಕೊ ಸಂಗೀತವನ್ನು ಜಗತ್ತಿಗೆ ಹಬ್ಬಿಸಿದ ಜಾರ್ಜಿಯೊ ಮೊರೊಡರ್. ಇದು ಕೇವಲ ವಿಳಾಸದ ಮಾತಲ್ಲ. 1984ರಲ್ಲಿ, ‘ಮೆಟ್ರೊಪೊಲಿಸ್’ ಎಂಬ ಹಳೆಯ ಮೂಕಿ ಚಿತ್ರಕ್ಕೆ ಹೊಸ ಸಂಗೀತ ಕೂಡಿಸುವ ಮೊರೊಡರ್ ಅವರ ಯೋಜನೆಗಾಗಿ ಮರ್ಕ್ಯುರಿ ‘ಲವ್ ಕಿಲ್ಸ್’ ಎಂಬ ನೃತ್ಯಗೀತೆಯನ್ನು ಹಾಡಿದ್ದರು. ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದಿತ್ತು. ತಂಡವಿಲ್ಲದೆಯೂ ಕುಣಿಸುವ ಹಾಡಿನೊಂದಿಗೆ ಜನರನ್ನು ತಲುಪಬಲ್ಲೆ ಎಂಬ ಧೈರ್ಯ ಅವರಿಗೆ ಅದರಿಂದ ಬಂದಿರಲಿಕ್ಕೆ ಸಾಕು.

ತಾಂತ್ರಿಕ ಹೊಣೆಯನ್ನು ಮರ್ಕ್ಯುರಿ ಅವರೊಂದಿಗೆ ಹಂಚಿಕೊಂಡವರು ರೈನ್‌ಹೋಲ್ಡ್ ಮ್ಯಾಕ್. 1979ರಿಂದ ಕ್ವೀನ್ ತಂಡದ ಜೊತೆ ಅದೇ ಸ್ಟುಡಿಯೊದಲ್ಲಿ ದುಡಿದ ಈ ಧ್ವನಿ ತಂತ್ರಜ್ಞರು, ಎಪ್ಪತ್ತರ ದಶಕದ ಆ ದಟ್ಟ ಪದರಗಳನ್ನು ಬಿಡಿಸಿ, ಡ್ರಮ್ಮು ಮತ್ತು ಬಾಸ್ ಸ್ಪಷ್ಟವಾಗಿ ಒಣಗಿದಂತೆ ಕೇಳಿಸುವ ಹೊಸ ನಾದವನ್ನು ತಂಡಕ್ಕೆ ಕೊಟ್ಟವರು. ವಾದಕರು ಬಹುಪಾಲು ಮ್ಯೂನಿಕ್‌ನಲ್ಲಿ ಹೆಸರಾಗಿದ್ದ ಅನುಭವಿಗಳು: ಡ್ರಮ್ಸ್‌ಗೆ ಕರ್ಟ್ ಕ್ರೆಸ್, ಗಿಟಾರಿಗೆ ಪಾಲ್ ವಿನ್ಸೆಂಟ್, ಬಾಸ್‌ಗೆ ಸ್ಟೆಫಾನ್ ವಿಸ್ನೆಟ್. ಕೀಬೋರ್ಡ್ ವಿಭಾಗದಲ್ಲಿ ಮರ್ಕ್ಯುರಿ ಅವರ ಜೊತೆಗಿದ್ದವರು ಕೆನಡಾದ ಫ್ರೆಡ್ ಮ್ಯಾಂಡಲ್. ಕ್ವೀನ್ ತಂಡದ ‘ಐ ವಾಂಟ್ ಟು ಬ್ರೇಕ್ ಫ್ರೀ’ ಹಾಡಿನ ನಡುವೆ ಗಿಟಾರಿನಂತೆ ಕೇಳಿಸುವ ವಾದನವೊಂದು ಬರುತ್ತದಲ್ಲ, ಅದನ್ನು ಸಿಂಥಸೈಜರಿನಲ್ಲಿ ನುಡಿಸಿದವರು ಇದೇ ಮ್ಯಾಂಡಲ್. ಎಪ್ಪತ್ತರ ದಶಕದ ತಮ್ಮ ಆಲ್ಬಮ್ಮುಗಳ ಹೊದಿಕೆಯ ಮೇಲೆ ‘ಇದರಲ್ಲಿ ಸಿಂಥಸೈಜರ್ ಇಲ್ಲ’ ಎಂದು ಹೆಮ್ಮೆಯಿಂದ ಅಚ್ಚು ಹಾಕಿಸುತ್ತಿದ್ದ ತಂಡದ ಗಾಯಕ, ಹತ್ತು ವರ್ಷ ಕಳೆಯುವಷ್ಟರಲ್ಲಿ ಸಿಂಥಸೈಜರನ್ನೇ ತನ್ನ ಆಲ್ಬಮ್ಮಿನ ಬೆನ್ನೆಲುಬಾಗಿ ಮಾಡಿಕೊಂಡಿದ್ದರು.

ಹೀಗೆ ಒಂದೊಂದಾಗಿ ನೋಡಿದರೆ ಈ ಆಲ್ಬಮ್ಮಿನಲ್ಲಿ ಏನಿಲ್ಲ ಎಂಬುದು ತಿಳಿಯುತ್ತದೆ. ಮೇ ಅವರ ಗಿಟಾರ್ ಇಲ್ಲ. ಟೇಲರ್ ಅವರ ಏರುಕಂಠವಿಲ್ಲ. ಹಿನ್ನೆಲೆಯ ಮೇಳದಲ್ಲೂ ಮರ್ಕ್ಯುರಿ ಅವರ ಕಂಠದ ಮೇಲೆ ಅವರದೇ ಕಂಠ ಕೂತಿದೆ. ಬೇಡ ಎನ್ನುವ ಮೂವರು ಎದುರಿಗಿಲ್ಲ. ಹನ್ನೊಂದು ಹಾಡುಗಳೂ ಒಬ್ಬರವೇ. ಬಾಡಿಗೆಗೆ ಬಂದ ವಾದಕ ಎಷ್ಟೇ ಪ್ರತಿಭಾವಂತನಾಗಿದ್ದರೂ ಕೇಳಿದ್ದನ್ನು ಅಚ್ಚುಕಟ್ಟಾಗಿ ನುಡಿಸಿಕೊಡುತ್ತಾನೆಯೇ ಹೊರತು, ಈ ಹಾಡಿಗೆ ಈ ಧಾಟಿ ಹೊಂದುವುದಿಲ್ಲ ಎಂದು ಕೂತು ಜಗಳವಾಡುವುದಿಲ್ಲ. ಡಿಸ್ಕೊ ಬೇಕೆಂದರೆ ನಿಜವಾದ ಡಿಸ್ಕೊ ಸಿಗುತ್ತದೆ, ರೆಗ್ಗೆ ಬೇಕೆಂದರೆ ರೆಗ್ಗೆ ಸಿಗುತ್ತದೆ. ಕ್ವೀನ್ ತಂಡ ಯಾವ ಶೈಲಿಯನ್ನು ಮುಟ್ಟಿದರೂ ಅದನ್ನು ಸ್ವಲ್ಪ ತಪ್ಪಾಗಿ, ತನ್ನದೇ ಉಚ್ಚಾರಣೆಯಲ್ಲಿ ನುಡಿಸುತ್ತಿತ್ತು. ಆ ಉಚ್ಚಾರಣೆಯೇ ಹಾಡುಗಳನ್ನು ಒಂದು ಮನೆಯವು ಎಂದು ಗುರುತಿಸಲು ನೆರವಾಗುತ್ತಿತ್ತು. ಇಲ್ಲಿ ಪ್ರತಿಯೊಂದು ಶೈಲಿಯೂ ತಪ್ಪಿಲ್ಲದೆ ಬಂದಿದೆ. ನಿಮಗೆ ಚದುರಿದಂತೆ ಕೇಳಿಸಿದ್ದರ ಮೂಲ ಇದು ಎಂದು ನಾನು ಭಾವಿಸುತ್ತೇನೆ.

ನಿಮ್ಮ ಅನುಭವಕ್ಕೆ ಇನ್ನೂ ಒಂದು ಕಾರಣವಿರಬಹುದು. ಇದು ಎಲ್‌ಪಿ ತಟ್ಟೆಗಳ ಕಾಲದ ಆಲ್ಬಮ್. ಮೊದಲ ಬದಿಯಲ್ಲಿ ಐದು ಹಾಡು, ಎರಡನೆಯ ಬದಿಯಲ್ಲಿ ಆರು. ಮೊದಲ ಬದಿ ‘ಲೆಟ್ಸ್ ಟರ್ನ್ ಇಟ್ ಆನ್’ ಎಂಬ ಅಪ್ಪಟ ನೃತ್ಯಗೀತೆಯಿಂದ ತೊಡಗಿ, ‘ಯುವರ್ ಕೈಂಡ್ ಆಫ್ ಲವರ್’ ಎಂಬ ಹಾಡಿನಲ್ಲಿ ನಿಲ್ಲುತ್ತದೆ. ಅದು ಪಿಯಾನೋದೊಂದಿಗೆ ಮೆಲ್ಲಗೆ ಆರಂಭವಾಗಿ ಬೇಗನೆ ಓಟಕ್ಕಿಳಿಯುತ್ತದೆ. ಅಲ್ಲಿಗೆ ಕೇಳುಗ ಎದ್ದುಹೋಗಿ ತಟ್ಟೆಯನ್ನು ಮಗುಚಿ ಹಾಕಬೇಕಿತ್ತು. ಆ ಅರ್ಧ ನಿಮಿಷದ ಮೌನದ ನಂತರ ಇಡೀ ವಾದ್ಯವೃಂದ ಒಮ್ಮೆಲೇ ಎದ್ದು ನಿಂತು ಶೀರ್ಷಿಕೆ ಗೀತೆಯನ್ನು ಶುರುಮಾಡುತ್ತಿತ್ತು: ನಾಟಕದ ಎರಡನೆಯ ಅಂಕಕ್ಕೆ ತೆರೆ ಎದ್ದಂತೆ. ಮೊಬೈಲಿನಲ್ಲಿ ಕೇಳುವಾಗ ಆ ಬಿಡುವು ಇಲ್ಲವಾಗಿ, ಕುಣಿತದ ಗುಂಗಿನಲ್ಲಿರುವ ಕಿವಿಯ ಮೇಲೆ ಪಿಟೀಲುಗಳ ರಾಶಿ ಬಂದು ಬೀಳುತ್ತದೆ. ನಿಮ್ಮ ಕೇಳುವಿಕೆಯ ಕೊರತೆ ಇದಲ್ಲ. ಆಲ್ಬಮ್ಮಿನ ರಚನೆಯ ಒಂದು ಭಾಗವೇ ನಿಮಗೆ ತಲುಪಿಲ್ಲ.

ಶೀರ್ಷಿಕೆ ಗೀತೆಯ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಈ ಆಲ್ಬಮ್ ಏಕೆ ಹುಟ್ಟಬೇಕಾಯಿತು ಎಂಬುದಕ್ಕೆ ಅತ್ಯಂತ ಒಳ್ಳೆಯ ಸಾಕ್ಷಿ ಅದು. ಕ್ವೀನ್ ಹಾಡುಗಳಲ್ಲಿ ವಾದ್ಯವೃಂದದ ಜಾಗವನ್ನು ಸಾಮಾನ್ಯವಾಗಿ ಮೇ ಅವರ ಗಿಟಾರ್ ಪದರಗಳು ತುಂಬುತ್ತಿದ್ದವು, ಮತ್ತು ಆ ಪದರಗಳೇ ತಂಡದ ಹೆಮ್ಮೆಯಾಗಿದ್ದುದರಿಂದ ನಿಜವಾದ ವಾದ್ಯವೃಂದವನ್ನು ಕರೆಸುವ ಅಗತ್ಯವೇ ಬೀಳುತ್ತಿರಲಿಲ್ಲ. ಇಲ್ಲಿ ಮರ್ಕ್ಯುರಿ ನಿಜವಾದ ವಾದ್ಯವೃಂದವನ್ನು ಕರೆಸಿದರು. ಅದರ ಸಂಯೋಜನೆ ರೈನರ್ ಪೀಚ್ ಅವರದು. ತಂತಿವಾದ್ಯಗಳು ಮತ್ತು ಹಿತ್ತಾಳೆಯ ವಾದ್ಯಗಳು ಕಂಠದ ಹಿಂದೆ ಅಲಂಕಾರವಾಗಿ ನಿಲ್ಲದೆ, ಕಂಠದೊಂದಿಗೆ ವಾದಕ್ಕಿಳಿದಂತೆ ಮುನ್ನುಗ್ಗುತ್ತವೆ. ಗಾಯಕ ತನ್ನನ್ನು ತಾನೇ ಕೆಟ್ಟವನೆಂದು ಸಾರಿಕೊಳ್ಳುವ ಪದ್ಯಕ್ಕೆ ಆ ಅಬ್ಬರ ತಕ್ಕುದಾಗಿದೆ. ಕೆಲವರಿಗೆ ಇದು ಅತಿಯೆನಿಸುತ್ತದೆ. ನನಗೆ ಈ ಆಲ್ಬಮ್ಮಿನಲ್ಲಿ ಮರ್ಕ್ಯುರಿ ತಮಗೆ ಬೇಕಾದದ್ದನ್ನು ಪೂರ್ತಿಯಾಗಿ ಪಡೆದ ಜಾಗ ಇದೇ ಎನಿಸುತ್ತದೆ, ಮತ್ತು ತಂಡದೊಳಗೆ ಕೂತು ಈ ಹಾಡನ್ನು ಹೀಗೆ ಮಾಡಲು ಸಾಧ್ಯವಿರಲಿಲ್ಲ.

‘ಮೈ ಲವ್ ಈಸ್ ಡೇಂಜರಸ್’ ನೀವು ಹೇಳಿದ ರೆಗ್ಗೆ ಹಾಡು. ರೆಗ್ಗೆಯ ಲಯದಲ್ಲಿ ಗಿಟಾರಿನ ಒತ್ತು ತಾಳದ ಪೆಟ್ಟಿನ ಮೇಲೆ ಬೀಳದೆ ಪೆಟ್ಟುಗಳ ನಡುವೆ ಬೀಳುತ್ತದೆ. ನಮ್ಮ ಲೆಕ್ಕದಲ್ಲಿ ಅನಾಗತ ಎಡುಪಿನ, ಎಂದರೆ ತಾಳ ಶುರುವಾದ ಮೇಲೆ ತುಸು ತಡೆದು ಎತ್ತಿಕೊಳ್ಳುವ, ಹಾಡನ್ನು ಕೇಳುವಾಗ ಆಗುವ ಒಂದು ಬಗೆಯ ತೂಗಾಟ ಅದರಿಂದ ಉಂಟಾಗುತ್ತದೆ. ಹಾಡು ಆ ತೂಗಾಟದಲ್ಲಿ ಆರಂಭವಾಗಿ, ಆಮೇಲೆ ನೇರ ಪೆಟ್ಟಿನ ಬಿರುಸು ರಾಕ್‌ಗೆ ಜಿಗಿಯುತ್ತದೆ. ಈ ಜಿಗಿತ ನನ್ನನ್ನು ಇಂದಿಗೂ ಒಪ್ಪಿಸಿಲ್ಲ. ‘ಬೊಹೀಮಿಯನ್ ರಾಪ್ಸಡಿ’ಯಲ್ಲಿ ಇದಕ್ಕಿಂತ ದೊಡ್ಡ ಜಿಗಿತಗಳಿವೆ, ಆದರೆ ಅಲ್ಲಿ ಪ್ರತಿಯೊಂದು ಭಾಗವೂ ಮುಂದಿನದನ್ನು ಬರಮಾಡಿಕೊಳ್ಳುತ್ತದೆ: ಆಪೆರಾ ಭಾಗದ ಕೊನೆಯ ತಾರಸ್ವರ ಏರಿ ನಿಂತಲ್ಲಿಯೇ ಗಿಟಾರ್ ಸಿಡಿಯುತ್ತದೆ. ಇಲ್ಲಿ ಎರಡು ಶೈಲಿಗಳು ಒಂದರ ಪಕ್ಕ ಒಂದು ಕೂತಿವೆ ಅಷ್ಟೆ. ನಿಮ್ಮ ದೂರು ಪೂರ್ತಿಯಾಗಿ ಸಲ್ಲುವುದು ಈ ಒಂದು ಹಾಡಿಗೆ.

ಇದಕ್ಕೆ ಎದುರಾಗಿ ‘ಲಿವಿಂಗ್ ಆನ್ ಮೈ ಓನ್’ ಕೇಳಿ. ಅದೂ ಬೆರಕೆಯೇ. ತಳದಲ್ಲಿ ಡಿಸ್ಕೊ ಲಯ ಯಂತ್ರದಂತೆ ಓಡುತ್ತಿರುತ್ತದೆ, ನಡುವೆ ಜಾಝ್ ಕಡೆಯಿಂದ ಬಂದ ಪಿಯಾನೋ, ಮೇಲೆ ಅರ್ಥವಿಲ್ಲದ ಅಕ್ಷರಗಳನ್ನು ಪೋಣಿಸಿ ಹಾಡುವ ಸ್ಕ್ಯಾಟ್ ಗಾಯನ. ಅಮೆರಿಕದ ಜಾಝ್ ಗಾಯಕರು ಬೆಳೆಸಿದ ಈ ಸ್ಕ್ಯಾಟ್ ನಮ್ಮ ತಿಲ್ಲಾನದ ಜತಿಗಳಂತೆ ಮಾತಿನ ಹೊರೆಯಿಲ್ಲದೆ ಲಯದೊಡನೆ ಆಡುವ ಕ್ರಮ. ಆದರೆ ಇಲ್ಲಿ ಮೂರೂ ಸೇರಿ ಒಂದೇ ಭಾವಕ್ಕಾಗಿ ದುಡಿಯುತ್ತವೆ. ಹಾಡು ಹೇಳುತ್ತಿರುವುದು ಒಂಟಿತನದ ಕಥೆ. ಮಾತು ಮುಗಿದಲ್ಲಿ ಸ್ಕ್ಯಾಟ್ ಶುರುವಾಗುತ್ತದೆ, ಮನೆಯಲ್ಲಿ ಯಾರೂ ಇಲ್ಲದಾಗ ಮನುಷ್ಯ ಏನೋ ಗುನುಗಿಕೊಳ್ಳುವಂತೆ. ತಳದ ಲಯವೋ ನಿಲ್ಲುವುದೇ ಇಲ್ಲ. ಆ ಕಾಲದ ಮ್ಯೂನಿಕ್‌ನ ರಾತ್ರಿಜೀವನದಲ್ಲಿ ಮರ್ಕ್ಯುರಿ ಮುಳುಗಿದ್ದವರು ಎಂಬುದನ್ನು ತಿಳಿದು ಕೇಳಿದರೆ, ಗುಂಪಿನ ನಡುವೆ ಒಬ್ಬಂಟಿಯಾದವನ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಶೈಲಿಗಳ ಬೆರಕೆ ಅರ್ಥವನ್ನು ಹೊರಬಲ್ಲುದು ಎಂಬುದಕ್ಕೆ ಈ ಆಲ್ಬಮ್ಮಿನಲ್ಲಿ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ಕಾಣುವುದಿಲ್ಲ. 1985ರಲ್ಲಿ ಬಿಡಿ ತಟ್ಟೆಯಾಗಿ ಬಂದಾಗ ಬ್ರಿಟನ್ನಿನಲ್ಲಿ 50ನೇ ಸ್ಥಾನಕ್ಕಷ್ಟೇ ಏರಿದ್ದ ಈ ಹಾಡು, ಗಾಯಕ ತೀರಿಕೊಂಡ ಬಳಿಕ, 1993ರ ಆಗಸ್ಟ್‌ನಲ್ಲಿ, ‘ನೋ ಮೋರ್ ಬ್ರದರ್ಸ್’ ಎಂಬವರು ಹೊಸ ನೃತ್ಯಲಯ ಕೂಡಿಸಿದ ರೂಪದಲ್ಲಿ ಅಲ್ಲಿ ಮೊದಲ ಸ್ಥಾನಕ್ಕೇರಿತು.

‘ಫೂಲಿನ್ ಅರೌಂಡ್’ ಕುರಿತು ಹೆಚ್ಚು ಹೇಳಲು ಏನಿಲ್ಲ. ಆ ಕಾಲದ ನೃತ್ಯಶಾಲೆಗೆ ಹೊಂದುವ ಸರಕು ಅದು. ‘ದೇರ್ ಮಸ್ಟ್ ಬಿ ಮೋರ್ ಟು ಲೈಫ್ ದ್ಯಾನ್ ದಿಸ್’ ಬಹುಮಟ್ಟಿಗೆ ಪಿಯಾನೋ ಮತ್ತು ಕಂಠದ ಹಾಡು. ಇದರ ಹಿಂದೆ ಒಂದು ಇತಿಹಾಸವಿದೆ: ಮರ್ಕ್ಯುರಿ 1983ರಲ್ಲಿ ಇದನ್ನು ಮೈಕೆಲ್ ಜ್ಯಾಕ್ಸನ್ ಅವರ ಮನೆಯ ಸ್ಟುಡಿಯೊದಲ್ಲಿ ಅವರೊಂದಿಗೆ ಹಾಡಿ ನೋಡಿದ್ದರು, ಆ ಪ್ರಯತ್ನ ಮುಗಿಯದೆ ಉಳಿಯಿತು, ಆಲ್ಬಮ್ಮಿಗೆ ಒಬ್ಬರೇ ಹಾಡಿದ ರೂಪ ಬಂತು. ಇಬ್ಬರೂ ಹಾಡಿದ ರೂಪ ಹೊರಬಂದದ್ದು 2014ರಲ್ಲಿ, ಇಬ್ಬರೂ ಇಲ್ಲವಾದ ಮೇಲೆ.

ಈಗ ನಾನು ಮೇಲೆ ಹೇಳಿದ ಮಾತಿಗೆ ಪುರಾವೆ ಕೊಡಬೇಕು. ತಂಡದ ನಾದ ಇದ್ದಿದ್ದರೆ ಹಾಡುಗಳು ಬೇರೆಯಾಗಿ ಕೇಳಿಸುತ್ತಿದ್ದವು ಎನ್ನುವುದು ಸಾಮಾನ್ಯವಾಗಿ ಊಹೆಯಾಗಿಯೇ ಉಳಿಯುವ ಮಾತು. ಈ ಆಲ್ಬಮ್ಮಿನ ವಿಷಯದಲ್ಲಿ ಮಾತ್ರ ನಾವು ಅದನ್ನು ಕೇಳಿಯೇ ಪರೀಕ್ಷಿಸಬಹುದು. 1991ರ ನವೆಂಬರ್ 24ರಂದು ಮರ್ಕ್ಯುರಿ ತೀರಿಕೊಂಡರು. ಉಳಿದ ಮೂವರು ಅವರು ಬಿಟ್ಟುಹೋದ ಧ್ವನಿಮುದ್ರಣಗಳನ್ನು ಆಧರಿಸಿ ತಂಡದ ಹೆಸರಿನಲ್ಲಿ ಒಂದು ಆಲ್ಬಮ್ ಕಟ್ಟಲು ಕೂತಾಗ, ಕೊನೆಯ ದಿನಗಳ ಮುದ್ರಣಗಳು ಸಾಲದೆ, ‘ಮಿಸ್ಟರ್ ಬ್ಯಾಡ್ ಗೈ’ಯ ಎರಡು ಹಾಡುಗಳಿಂದ ಕಂಠದ ಮುದ್ರಣವನ್ನಷ್ಟೇ ತೆಗೆದುಕೊಂಡು ಅದರ ಕೆಳಗೆ ಹೊಸದಾಗಿ ಗಿಟಾರ್, ಬಾಸ್, ಡ್ರಮ್ಸ್ ನುಡಿಸಿದರು. ‘ಮೇಡ್ ಇನ್ ಹೆವನ್’ ಮತ್ತು ‘ಐ ವಾಸ್ ಬಾರ್ನ್ ಟು ಲವ್ ಯು’ ಆ ಎರಡು ಹಾಡುಗಳು. 1995ರ ನವೆಂಬರಿನಲ್ಲಿ ಬಂದ ಆ ಆಲ್ಬಮ್ಮಿಗೆ ಮೊದಲನೆಯ ಹಾಡಿನ ಹೆಸರನ್ನೇ ಇಟ್ಟರು. ಕಂಠ ಅದೇ, ಶ್ರುತಿ ಅದೇ, ಉಸಿರು ತೆಗೆದುಕೊಂಡ ಜಾಗ ಕೂಡ ಅದೇ. ಬದಲಾದದ್ದು ಸುತ್ತಲಿನದು ಮಾತ್ರ. ಇಂಥ ಹೋಲಿಕೆಗೆ ಅವಕಾಶ ಸಿಗುವುದು ತೀರ ಅಪರೂಪ.

‘ಮೇಡ್ ಇನ್ ಹೆವನ್’ ಹಾಡಿನ ಎರಡೂ ರೂಪಗಳನ್ನು ಬೆನ್ನು ಬೆನ್ನಿಗೆ ಕೇಳಿ. 1985ರ ರೂಪದಲ್ಲಿ ಮರ್ಕ್ಯುರಿ ತಮ್ಮ ಎದೆಯ ಎಲ್ಲ ಬಲ ಹಾಕಿ ಹಾಡುತ್ತಿದ್ದಾರೆ, ಆದರೆ ಹಿಂದಿನ ವಾದ್ಯಗಳು ಆ ಬಲಕ್ಕೆ ಎದುರು ಬಲ ಕೊಡುವುದಿಲ್ಲ. ಖಾಲಿ ಸಭಾಂಗಣದಲ್ಲಿ ಹಾಡಿದಂತೆ ಕೇಳಿಸುತ್ತದೆ. 1995ರ ರೂಪದಲ್ಲಿ ಟೇಲರ್ ಅವರ ಭಾರವಾದ ಡ್ರಮ್ಸ್ ನೆಲ ಹಾಕಿಕೊಡುತ್ತದೆ, ಮೇ ಅವರ ಗಿಟಾರ್ ಪ್ರತಿಯೊಂದು ಸಾಲಿನ ಕೊನೆಯಲ್ಲಿ ಉತ್ತರ ಕೊಡುತ್ತದೆ. ಹಾಡು ಹತ್ತು ವರ್ಷ ಕಾದಿದ್ದು ಇದಕ್ಕೇ ಎನಿಸುವಷ್ಟು ಹೊಂದಿಕೆ ಅಲ್ಲಿದೆ. ಸತ್ತುಹೋದ ಗೆಳೆಯನ ಧ್ವನಿಯನ್ನು ಕಿವಿಗಿಟ್ಟುಕೊಂಡು ಮೂವರು ಹೀಗೆ ನುಡಿಸಿದರು ಎಂಬ ಅರಿವು ಕೇಳುಗನ ಮನಸ್ಸನ್ನು ಒದ್ದೆ ಮಾಡುತ್ತದೆ ನಿಜ, ಆದರೆ ಅದನ್ನು ಪಕ್ಕಕ್ಕಿಟ್ಟು ಕೇಳಿದರೂ ನನ್ನ ತೀರ್ಮಾನ ಬದಲಾಗುವುದಿಲ್ಲ.

‘ಐ ವಾಸ್ ಬಾರ್ನ್ ಟು ಲವ್ ಯು’ ವಿಷಯದಲ್ಲಿ ನಾನು ಅನೇಕ ಕ್ವೀನ್ ಅಭಿಮಾನಿಗಳಿಂದ ದೂರ ನಿಲ್ಲುತ್ತೇನೆ. ತಂಡದ ರೂಪ ಹೆಚ್ಚು ಪ್ರಸಿದ್ಧ. 2004ರಲ್ಲಿ ಜಪಾನಿನ ಒಂದು ದೂರದರ್ಶನ ಧಾರಾವಾಹಿಗೆ ಅದು ಶೀರ್ಷಿಕೆ ಸಂಗೀತವಾಗಿ ಆ ದೇಶದಲ್ಲಿ ಮನೆಮಾತಾಯಿತು. ಅದರಲ್ಲಿ ಉತ್ಸಾಹವೇನೋ ಇದೆ. ಆದರೆ ಮೂಲದ ಹಾಡು ಹಗುರವಾಗಿ ಹಾರುವಂಥದ್ದು: ಸಿಂಥಸೈಜರಿನ ಪುಟಿಯುವ ಲಯದ ಮೇಲೆ ಕಂಠ ಕಾಲೂರದೆ ಜಾರುತ್ತಾ ಹೋಗುತ್ತದೆ, ಪ್ರೀತಿಯಲ್ಲಿ ಬಿದ್ದವನ ಲಘುತ್ವ ಅದರಲ್ಲಿದೆ. ಗಿಟಾರು ಮತ್ತು ಡ್ರಮ್ಸ್ ಬಂದು ಆ ಹಗುರತನವನ್ನು ನೆಲಕ್ಕೆ ಒತ್ತಿಬಿಟ್ಟವು. ಅಂದರೆ ಹನ್ನೊಂದರಲ್ಲಿ ಒಂದು ಹಾಡು ತಂಡಕ್ಕಾಗಿ ಹುಟ್ಟಿತ್ತು, ಇನ್ನೊಂದು ತಂಡವಿಲ್ಲದಾಗ ಮಾತ್ರ ಹಾರಬಲ್ಲುದಾಗಿತ್ತು. ಎರಡನ್ನೂ ಒಂದೇ ಬಗೆಯ ವಾದ್ಯಗಳಿಂದ ಕಟ್ಟಿದ್ದರಿಂದ ಆಲ್ಬಮ್ಮಿನ ಸಮತೋಲ ತಪ್ಪಿತು. ಶೈಲಿ ಹೆಚ್ಚಾದದ್ದಕ್ಕಿಂತ, ಯಾವ ಹಾಡಿಗೆ ಯಾವ ಶೈಲಿ ಎಂದು ಹೊರಗಿನಿಂದ ಹೇಳುವವರಿಲ್ಲದ್ದೇ ಇಲ್ಲಿ ಕಾಡಿದ ಕೊರತೆ.

ಹಾಗಾದರೆ ಈ ಹನ್ನೊಂದು ಹಾಡುಗಳನ್ನು ಒಟ್ಟಿಗೆ ಹಿಡಿದಿರುವುದು ಏನೂ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಅದು ಕಂಠ. 2016ರಲ್ಲಿ ಪ್ರಕಟವಾದ ಧ್ವನಿವಿಜ್ಞಾನದ ಅಧ್ಯಯನವೊಂದು ಮರ್ಕ್ಯುರಿ ಅವರ ಧ್ವನಿಮುದ್ರಣಗಳನ್ನು ಪರೀಕ್ಷಿಸಿ, ಅವರ ಸ್ವರದ ಕಂಪನ ಸೆಕೆಂಡಿಗೆ ಸುಮಾರು 7 ಬಾರಿ ಆಗುತ್ತಿತ್ತೆಂದು, ಶಾಸ್ತ್ರೀಯ ಗಾಯಕರಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಅದು ವೇಗವಾದದ್ದೆಂದು ತೋರಿಸಿತು. ನಮ್ಮ ಕಂಪಿತ ಗಮಕ ಎರಡು ಸ್ವರಸ್ಥಾನಗಳ ನಡುವೆ ಉದ್ದೇಶಪೂರ್ವಕವಾಗಿ ಓಡಾಡುವಂಥದ್ದು, ರಾಗದ ಲಕ್ಷಣಕ್ಕೆ ಸೇರಿದ್ದು. ಇದು ಹಾಗಲ್ಲ, ನಿಂತ ಸ್ವರದ ಮೈಯಲ್ಲೇ ಇರುವ ನಡುಕ. ಈ ಆಲ್ಬಮ್ಮಿನಲ್ಲಿ ಉದ್ದನೆಯ ಸ್ವರ ಬಂದಲ್ಲೆಲ್ಲ ಆ ನಡುಕವನ್ನು ಗಮನಿಸಿ. ಕೊನೆಯ ಹಾಡಾದ ‘ಲವ್ ಮಿ ಲೈಕ್ ದೇರ್ಸ್ ನೋ ಟುಮಾರೋ’ದಲ್ಲಿ ಅದು ಮೃದುವಾಗಿ ಸಾಲಿನ ಕೊನೆಯಲ್ಲಷ್ಟೇ ಕಾಣಿಸಿಕೊಳ್ಳುತ್ತದೆ, ಶೀರ್ಷಿಕೆ ಗೀತೆಯಲ್ಲಿ ವಾದ್ಯವೃಂದದ ಮೇಲೇರಿ ಕೇಳಿಸಲು ಅದೇ ಆಯುಧವಾಗುತ್ತದೆ, ಕುಣಿತದ ಹಾಡುಗಳಲ್ಲಿ ಬಹುಪಾಲು ಮಾಯವಾಗಿ, ಸ್ವರಗಳು ತುಂಡುತುಂಡಾಗಿ ಲಯಕ್ಕೆ ಬಡಿಯುತ್ತವೆ. ಒಬ್ಬನೇ ಗಾಯಕ ತನ್ನ ಕಂಠವನ್ನು ಹೀಗೆ ಶೈಲಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದನ್ನು ಒಂದೇ ಕಡೆ ಇಷ್ಟು ಸ್ಪಷ್ಟವಾಗಿ ಕೇಳಲು ಕ್ವೀನ್ ಆಲ್ಬಮ್ಮುಗಳಲ್ಲಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಕಿವಿಯನ್ನು ಸೆಳೆಯಲು ಇನ್ನೂ ಮೂವರಿದ್ದಾರೆ.

ನೀವು ಕೇಳಿಲ್ಲವಾದರೂ, ನಮ್ಮವರು ಆಗಾಗ ಎತ್ತುವ ಒಂದು ಪ್ರಶ್ನೆಗೆ ಇಲ್ಲಿಯೇ ಉತ್ತರಿಸುತ್ತೇನೆ. ಮರ್ಕ್ಯುರಿ ಹುಟ್ಟಿದ್ದು 1946ರಲ್ಲಿ ಜಂಜಿಬಾರ್‌ನ ಪಾರ್ಸಿ ಕುಟುಂಬದಲ್ಲಿ, ಫಾರೂಖ್ ಬಲ್ಸಾರಾ ಎಂಬ ಹೆಸರಿನಿಂದ. ಓದಿದ್ದು ಮಹಾರಾಷ್ಟ್ರದ ಪಂಚಗನಿಯ ವಸತಿ ಶಾಲೆಯಲ್ಲಿ. ಪಿಯಾನೋ ಕಲಿತದ್ದೂ, ಸಹಪಾಠಿಗಳ ಜೊತೆ ‘ದಿ ಹೆಕ್ಟಿಕ್ಸ್’ ಎಂಬ ಮೊದಲ ತಂಡ ಕಟ್ಟಿದ್ದೂ ಅಲ್ಲಿಯೇ. ಹಾಗಿದ್ದರೆ ಈ ಆಲ್ಬಮ್ಮಿನ ಬೆರಕೆಯಲ್ಲಿ ಭಾರತೀಯ ಸಂಗೀತದ ಎಳೆಯೂ ಇದೆಯೇ? ನನ್ನ ಕಿವಿಗೆ ಅಂಥದ್ದೇನೂ ಸಿಕ್ಕಿಲ್ಲ, ಇಲ್ಲದ್ದನ್ನು ಹುಡುಕಿ ತೆಗೆಯುವ ಉತ್ಸಾಹವೂ ನನಗಿಲ್ಲ. ಪಂಚಗನಿಯಲ್ಲಿ ಆ ಹುಡುಗರು ನುಡಿಸುತ್ತಿದ್ದದ್ದು ಆಗಿನ ಪಾಶ್ಚಾತ್ಯ ರಾಕ್ ಅಂಡ್ ರೋಲ್ ಹಾಡುಗಳನ್ನು. ಅಲ್ಲಿಂದ ಅವರು ಒಯ್ದದ್ದು ಪಿಯಾನೋದ ಮುಂದೆ ಕೂತು ಹಾಡು ಕಟ್ಟುವ ಅಭ್ಯಾಸ, ಮತ್ತು ಅದು ಈ ಆಲ್ಬಮ್ಮಿನಲ್ಲಿ ಧಾರಾಳವಾಗಿ ಕಾಣುತ್ತದೆ: ಎಷ್ಟೇ ಸಿಂಥಸೈಜರ್ ಹೊದಿಸಿದ್ದರೂ ಬಹುಪಾಲು ಹಾಡುಗಳ ಸ್ವರಮೇಳಗಳು ಪಿಯಾನೋ ನುಡಿಸುವವನ ಬೆರಳುಗಳಲ್ಲಿ ಹುಟ್ಟಿದವು ಎಂದು ತಿಳಿಯುತ್ತದೆ.

ಬಂದ ಕಾಲದಲ್ಲಿ ಆಲ್ಬಮ್ ಬ್ರಿಟನ್ನಿನಲ್ಲಿ 6ನೇ ಸ್ಥಾನದವರೆಗೆ ಹೋಯಿತು, ಅಮೆರಿಕದಲ್ಲಿ ಹೆಚ್ಚೇನೂ ಗಮನ ಸೆಳೆಯಲಿಲ್ಲ. ಏಪ್ರಿಲ್ ಕೊನೆಯಲ್ಲಿ ಅದು ಹೊರಬಂತು. ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಬರ ಪರಿಹಾರ ನಿಧಿಗಾಗಿ ನಡೆದ ಲೈವ್ ಏಡ್ ಕಛೇರಿಯಲ್ಲಿ ಕ್ವೀನ್ ತಂಡ ಸುಮಾರು ಇಪ್ಪತ್ತು ನಿಮಿಷ ನುಡಿಸಿ ಇಡೀ ಜಗತ್ತನ್ನು ಗೆದ್ದಿತು. ಎರಡೂವರೆ ತಿಂಗಳ ಅಂತರದಲ್ಲಿ ಇವೆರಡೂ ನಡೆದದ್ದರಿಂದ, ಗಾಯಕನ ಸ್ವಂತ ಆಲ್ಬಮ್ ತಂಡದ ಮರುಹುಟ್ಟಿನ ನೆರಳಿಗೆ ಸರಿಯಿತು.

ಕೇಳುವ ಕ್ರಮದ ಬಗ್ಗೆ ಒಂದೆರಡು ಮಾತು. ಈಗ ಸ್ಟ್ರೀಮಿಂಗ್ ಸೇವೆಗಳಲ್ಲಿ ಸಾಮಾನ್ಯವಾಗಿ ಸಿಗುವುದು 2019ರಲ್ಲಿ ಕಂಠ, ವಾದ್ಯಗಳ ಮೂಲ ಮುದ್ರಣಗಳಿಂದ ಹೊಸದಾಗಿ ಮಿಶ್ರಣ ಮಾಡಿದ ರೂಪ. ಅದರಲ್ಲಿ ಕಂಠ ಮುಂದೆ ಬಂದಿದೆ, ವಾದ್ಯಗಳ ನಡುವೆ ಗಾಳಿಯಾಡುತ್ತದೆ. ನೀವು ಕೇಳಿದ್ದು ಬಹುಶಃ ಅದೇ. ಹಳೆಯ ಮಿಶ್ರಣ ಎಲ್‌ಪಿಯಲ್ಲೋ ಹಳೆಯ ಸಿಡಿಯಲ್ಲೋ ಸಿಕ್ಕರೆ ಅದನ್ನೂ ಕೇಳಿ, ಆ ಕಾಲದ ಸ್ಟುಡಿಯೊ ಮರ್ಕ್ಯುರಿ ಅವರನ್ನು ಹೇಗೆ ಕೇಳಿಸಿಕೊಂಡಿತ್ತು ಎಂಬುದು ತಿಳಿಯುತ್ತದೆ. ಐದನೆಯ ಹಾಡು ಮುಗಿದ ಮೇಲೆ ನಿಲ್ಲಿಸಿ, ಎದ್ದು ಒಂದು ಲೋಟ ಕಾಫಿ ಮಾಡಿಕೊಂಡು ಬನ್ನಿ. ಆರನೆಯದನ್ನು ಆಮೇಲೆ ಹಾಕಿ. ಆಲ್ಬಮ್ ಮುಗಿದ ನಂತರ, ಮರ್ಕ್ಯುರಿ ಸ್ಪೇನಿನ ಆಪೆರಾ ಗಾಯಕಿ ಮೊನ್ಸೆರಾತ್ ಕಾಬಾಯೆ ಅವರೊಂದಿಗೆ 1988ರಲ್ಲಿ ಹೊರತಂದ ‘ಬಾರ್ಸಿಲೋನಾ’ ಆಲ್ಬಮ್ಮಿಗೆ ಹೋಗಿ. ಅದರಲ್ಲಿ ಶೈಲಿಗಳ ನಡುವಿನ ದೂರ ಇನ್ನೂ ಹೆಚ್ಚು, ರಾಕ್ ಗಾಯಕನ ಪಕ್ಕದಲ್ಲಿ ಆಪೆರಾ ಕಂಠವೇ ನಿಂತಿದೆ; ಆದರೂ ಅದು ಚದುರುವುದಿಲ್ಲ, ಏಕೆಂದರೆ ಮರ್ಕ್ಯುರಿ ಅವರಿಗೆ ಅಲ್ಲಿ ಮತ್ತೆ ಎದುರು ಕಂಠವೊಂದು ಸಿಕ್ಕಿದೆ, ಸಂಯೋಜನೆಯಲ್ಲಿ ಮೈಕ್ ಮೋರನ್ ಎಂಬ ಪಾಲುದಾರರಿದ್ದಾರೆ. ಅದರ ವಾದ್ಯವೃಂದ ಮಾತ್ರ ಬಹುಪಾಲು ಕೀಬೋರ್ಡಿನಿಂದ ಹುಟ್ಟಿಸಿದ್ದು. 2012ರಲ್ಲಿ ಪ್ರಾಗ್‌ನ ವಾದ್ಯವೃಂದವೊಂದು ಆ ಭಾಗಗಳನ್ನು ನಿಜವಾದ ಪಿಟೀಲು, ಕೊಳಲು, ತುತ್ತೂರಿಗಳಲ್ಲಿ ಮತ್ತೆ ನುಡಿಸಿತು. ‘ಮಿಸ್ಟರ್ ಬ್ಯಾಡ್ ಗೈ’ಯ ಆ ಒಂದು ಹಾಡಿನಲ್ಲಿ ಮರ್ಕ್ಯುರಿ ಹುಡುಕಿದ್ದ ನಾದ ಇಡೀ ಆಲ್ಬಮ್ಮಿಗೆ ಹರಡಿಕೊಂಡದ್ದನ್ನು ನೀವು ಅಲ್ಲಿ ಕೇಳಬಹುದು.